ಶಸ್ತ್ರಚಿಕಿತ್ಸೆಯ ಬಳಿಕ ಆಮ್ಲಜನಕದ ಕೊರತೆ: ಮಿದುಳಿನ ರಕ್ಷಣೆ ಎಲ್ಲಿ ಆರಂಭವಾಗಬೇಕು?

ದೇಹದ ತೂಕದಲ್ಲಿ ಶೇ. 2ರಷ್ಟೇ ಇರುವ ಮಿದುಳು ದೇಹ ಬಳಸುವ ಆಮ್ಲಜನಕದಲ್ಲಿ ಸುಮಾರು ಶೇ. 20ರಷ್ಟನ್ನು ಬಳಸುತ್ತದೆ, ಆದರೆ ಅದನ್ನು ಕೂಡಿಟ್ಟುಕೊಳ್ಳಲಾರದು. ರಕ್ತಸಂಚಾರ ನಿಂತ ಕೆಲವೇ ನಿಮಿಷಗಳಲ್ಲಿ ನರಕೋಶಗಳೊಳಗೆ ಕ್ಯಾಲ್ಸಿಯಂ ನುಗ್ಗುತ್ತದೆ. ಹೃದಯ ಮತ್ತೆ ಬಡಿಯತೊಡಗಿದ ಮೇಲೂ ಹಾನಿ ಮುಂದುವರಿದು, ಹಿಪೊಕ್ಯಾಂಪಸ್‌ನ ಕೋಶಗಳು ಎರಡು-ಮೂರು ದಿನ ಕಳೆದು ಸಾಯುವುದುಂಟು. ಈ ಅವಧಿಯಲ್ಲಿ ಅವುಗಳನ್ನು ಉಳಿಸಿಕೊಳ್ಳಬಹುದೆಂಬ ಆಸೆಯಿಂದಲೇ ದೇಹವನ್ನು ತಂಪಾಗಿಸುವ ಚಿಕಿತ್ಸೆ ಬೆಳೆಯಿತು.

2002ರಲ್ಲಿ ಯುರೋಪ್ ಮತ್ತು ಆಸ್ಟ್ರೇಲಿಯಾದಿಂದ ಬಂದ ಎರಡು ಅಧ್ಯಯನಗಳು ಈ ಆಸೆಗೆ ಬಲ ಕೊಟ್ಟವು. ಸುಮಾರು 1,900 ರೋಗಿಗಳನ್ನು ಒಳಗೊಂಡ 2021ರ ಪ್ರಯೋಗದಲ್ಲಿ ಮಾತ್ರ, 33 ಡಿಗ್ರಿಗೆ ತಂಪಾಗಿಸಿದವರಿಗೂ ಜ್ವರವನ್ನಷ್ಟೇ ತಡೆದವರಿಗೂ ಆರು ತಿಂಗಳ ಬಳಿಕ ಸಾವಿನ ಪ್ರಮಾಣದಲ್ಲಿ ಗಮನಾರ್ಹ ವ್ಯತ್ಯಾಸ ಕಾಣಲಿಲ್ಲ. ಈ ಪ್ರಯೋಗಗಳೆಲ್ಲ ಆಸ್ಪತ್ರೆಯ ಹೊರಗೆ ಹೃದಯ ನಿಂತವರನ್ನು ಕುರಿತವು. ಶಸ್ತ್ರಚಿಕಿತ್ಸೆಯ ಹಸಿ ಗಾಯವಿರುವ ರೋಗಿಗೆ ಅವನ್ನು ಹಾಗೆಯೇ ಅನ್ವಯಿಸಲಾಗದು, ಏಕೆಂದರೆ ದೇಹ ತಂಪಾದರೆ ರಕ್ತ ಹೆಪ್ಪುಗಟ್ಟುವುದು ಕುಂದುತ್ತದೆ. ಸದ್ಯಕ್ಕೆ ಉಳಿದಿರುವುದು ಸರಳ ಆರೈಕೆ: ಜ್ವರ ಏರಗೊಡದಿರುವುದು, ರಕ್ತದೊತ್ತಡ ಕುಸಿಯದಂತೆ ಕಾಯುವುದು, ಆಮ್ಲಜನಕವನ್ನು ಅಳತೆ ಮೀರಿ ಕೊಡದಿರುವುದು, ಸೆಳವನ್ನು ಹತ್ತಿಕ್ಕುವುದು. ಪ್ರಜ್ಞೆ ಮರಳದ ರೋಗಿಯ ಭವಿಷ್ಯವನ್ನು ಕನಿಷ್ಠ 72 ಗಂಟೆ ಕಳೆಯುವ ಮುನ್ನ ನಿರ್ಣಯಿಸಬಾರದು. ಅವಸರದ ನಿರಾಶೆ ಬದುಕಬಹುದಾದವರನ್ನೂ ಕೈಬಿಡುತ್ತದೆ.

ನನ್ನ ವಾದ ಹೃದಯ ನಿಲ್ಲುವುದಕ್ಕೂ ಹಿಂದಿನ ಗಳಿಗೆಗೆ ಸಂಬಂಧಿಸಿದ್ದು. ಶಸ್ತ್ರಚಿಕಿತ್ಸೆಯ ಬಳಿಕ ಓಪಿಯಾಯ್ಡ್ ನೋವುನಿವಾರಕಗಳಿಂದ ಉಸಿರಾಟ ಕುಗ್ಗಿದ ಪ್ರಕರಣಗಳ ಪರಿಹಾರ ದಾವೆಗಳನ್ನು ಅಮೆರಿಕದ ಅರಿವಳಿಕೆ ತಜ್ಞರು ಪರಿಶೀಲಿಸಿ 2015ರಲ್ಲಿ ವರದಿ ಮಾಡಿದರು. ಅಂಥ 92 ದಾವೆಗಳಲ್ಲಿ ಶೇ. 77ರಷ್ಟು ಸಾವು ಅಥವಾ ತೀವ್ರ ಮಿದುಳು ಹಾನಿಯಲ್ಲಿ ಕೊನೆಗೊಂಡಿದ್ದವು. ಶೇ. 88ರಷ್ಟು ಘಟನೆಗಳು ಮೊದಲ 24 ಗಂಟೆಗಳೊಳಗಿನವು. ಸರಿಯಾದ ನಿಗಾ ಮತ್ತು ತ್ವರಿತ ಸ್ಪಂದನೆಯಿದ್ದರೆ ಶೇ. 97ರಷ್ಟನ್ನು ತಪ್ಪಿಸಬಹುದಿತ್ತೆಂದು ಪರಿಶೀಲಕರು ಕಂಡುಕೊಂಡರು. ದಾವೆಗೆ ಬಂದವು ಒಟ್ಟು ಪ್ರಕರಣಗಳ ಮಾದರಿಯಲ್ಲ, ನಿಜ. ಆದರೂ ಈ ಕೊನೆಯ ಅಂಕಿ ಕಳವಳಕಾರಿ.

ಈ ಅಪಾಯ ಕಣ್ತಪ್ಪುವುದಕ್ಕೆ ಒಂದು ಕಾರಣ ಆಮ್ಲಜನಕದ ಮಾಸ್ಕೇ. ಮಾಸ್ಕ್ ಹಾಕಿರುವಾಗ ಉಸಿರಾಟ ನಿಧಾನವಾಗಿ ಇಂಗಾಲದ ಡೈಆಕ್ಸೈಡ್ ಏರುತ್ತಿದ್ದರೂ ಪಲ್ಸ್ ಆಕ್ಸಿಮೀಟರ್ ಬಹಳ ಹೊತ್ತು 97 ಎಂದೇ ತೋರಿಸಬಹುದು. ಅದು ಕುಸಿಯತೊಡಗುವ ಹೊತ್ತಿಗೆ ರೋಗಿಯನ್ನು ಎಬ್ಬಿಸುವುದೇ ಕಷ್ಟವಾಗಿರುತ್ತದೆ. ಹೊರಬಿಡುವ ಉಸಿರಿನ ಇಂಗಾಲದ ಡೈಆಕ್ಸೈಡ್ ಅನ್ನು ಅಳೆಯುವ ಕ್ಯಾಪ್ನೋಗ್ರಫಿ ಇದನ್ನು ಬೇಗ ಹಿಡಿಯುತ್ತದೆ. ಎಲ್ಲ ವಾರ್ಡುಗಳಿಗೂ ಆ ಯಂತ್ರ ಒದಗಲಿಕ್ಕಿಲ್ಲ. ಗೊರಕೆಯ ನಡುವೆ ಉಸಿರು ಕಟ್ಟುವವರು, ವೃದ್ಧರು, ಮಾರ್ಫಿನ್ ಜೊತೆಗೆ ನಿದ್ರೆಯ ಔಷಧಿ ಪಡೆದವರು, ಇವರಿಗಾದರೂ ಮೊದಲ ರಾತ್ರಿ ಅದು ಸಿಗಲೇಬೇಕು. ಉಳಿದವರ ವಿಷಯದಲ್ಲಿ ದಾದಿಯರು ಪೂರ್ತಿ ಒಂದು ನಿಮಿಷ ಉಸಿರು ಎಣಿಸಿ, ಕರೆದರೆ ಎಚ್ಚರಗೊಳ್ಳುತ್ತಾರೆಯೇ ಎಂದು ನೋಡಿ, ಎರಡನ್ನೂ ಕೇಸ್ ಶೀಟಿನಲ್ಲಿ ಬರೆಯಬೇಕು, ಓಪಿಯಾಯ್ಡ್ ಪರಿಣಾಮವನ್ನು ತಡೆಯುವ ನಲಾಕ್ಸೋನ್ ಕೈಗೆಟುಕುವಲ್ಲಿರಬೇಕು. ಅದಕ್ಕೆ ರಾತ್ರಿ ಪಾಳಿಯಲ್ಲಿ ಸಾಕಷ್ಟು ದಾದಿಯರನ್ನು ನೇಮಿಸುವುದೂ ಮಿದುಳಿನ ರಕ್ಷಣೆಯ ಚಿಕಿತ್ಸೆಯೇ ಎಂದು ಆಸ್ಪತ್ರೆಗಳು ಲೆಕ್ಕ ಹಾಕಬೇಕು.