ವಿವೇಕದ ಗುರುಗಳು, ಅಂತ್ಯದಿನದ ದಾರ್ಶನಿಕರು

ಒಳ್ಳೆಯದು ಮಾಡಿದವನಿಗೆ ಒಳ್ಳೆಯದಾಗುತ್ತದೆ, ಕೇಡು ಬಯಸಿದವನು ಕೆಡುತ್ತಾನೆ ಎಂದು ನಾವು ಮಕ್ಕಳಿಗೆ ಹೇಳಿಕೊಡುತ್ತೇವೆ. ಆದರೆ ನಮ್ಮ ಕಣ್ಣೆದುರು ನಡೆಯುವುದು ಅನೇಕ ಬಾರಿ ಇದಕ್ಕೆ ತದ್ವಿರುದ್ಧ. ಸುಳ್ಳುಗಾರ ಮಹಡಿ ಕಟ್ಟುತ್ತಾನೆ, ಸತ್ಯವಂತ ಸಾಲದಲ್ಲಿ ಸಾಯುತ್ತಾನೆ. ಹಾಗಾದರೆ ನಾವು ಹೇಳಿಕೊಟ್ಟದ್ದು ಸುಳ್ಳೇ? ಈ ಪ್ರಶ್ನೆಯನ್ನು ಎರಡು ಸಾವಿರ ವರ್ಷಗಳ ಹಿಂದೆ ಯಹೂದಿ ಸಮಾಜ ಬಹಳ ಗಂಭೀರವಾಗಿ ಎದುರಿಸಿತು. ಅದಕ್ಕೆ ಉತ್ತರ ಹುಡುಕುವ ಪ್ರಯತ್ನದಲ್ಲಿ ಎರಡು ಬಗೆಯ ಬರಹಗಳು ಮುಖಾಮುಖಿಯಾದವು. ಒಂದು ವಿವೇಕದ ಸಾಹಿತ್ಯ, ಇನ್ನೊಂದು ಅಂತ್ಯದಿನದ ದರ್ಶನಗಳ ಸಾಹಿತ್ಯ.

ವಿವೇಕಕ್ಕೆ ಹೀಬ್ರೂ ಭಾಷೆಯಲ್ಲಿ ‘ಹೊಖ್ಮಾ’ ಎನ್ನುತ್ತಾರೆ. ಅರಬಿಯ ‘ಹಿಕ್ಮತ್’ ಇದೇ ಧಾತುವಿನಿಂದ ಬಂದ ಶಬ್ದ. ಸಾಮತಿಗೆ ಅವರು ಬಳಸುವ ‘ಮಶಾಲ್’ ಎಂಬ ಪದವೂ ನಮಗೆ ಪರಿಚಿತವಾದ ‘ಮಿಸಾಲ್’ನ ಬಂಧುವೇ. ಬೈಬಲಿನ ಜ್ಞಾನೋಕ್ತಿಗಳು ಎಂಬ ಗ್ರಂಥ ಈ ಪರಂಪರೆಯ ಮುಖ್ಯ ಕೃತಿ. ಅದು ಸುಲೈಮಾನರ ಹೆಸರಿನಲ್ಲಿದ್ದರೂ ಅದರ ಒಳಗೇ ಆಗೂರ, ಲೆಮೂವೇಲ ಎಂಬ ಬೇರೆ ಹೆಸರುಗಳಿವೆ. ಹಿಜ್ಕೀಯ ರಾಜನ ಕಾಲದ ಜನರು ಒಂದು ಭಾಗವನ್ನು ನಕಲು ಮಾಡಿದರೆಂಬ ಟಿಪ್ಪಣಿಯೂ ಇದೆ. ಸರಿಯಾದ ತಕ್ಕಡಿ, ಹಿಡಿತದಲ್ಲಿರುವ ನಾಲಿಗೆ, ದುಡಿಯುವ ಕೈ, ಇನ್ನೊಬ್ಬರ ಸಾಲಕ್ಕೆ ಜಾಮೀನು ನಿಲ್ಲುವ ಅಪಾಯ ಇವೆಲ್ಲ ಅದರ ವಿಷಯಗಳು. ವಿವೇಕಕ್ಕೆ ದೇವಭಯವೇ ಬುನಾದಿ ಎಂಬುದು ಅದರ ನಿಲುವು.

ಈ ವಿವೇಕ ಒಂದು ಜನಾಂಗಕ್ಕೆ ಸೀಮಿತವಾಗಿರಲಿಲ್ಲ. ‘ಅಮೆನೆಮೋಪೆಯ ಬೋಧನೆ’ ಎಂಬ 30 ಅಧ್ಯಾಯಗಳ ಈಜಿಪ್ಟಿನ ಪ್ರಾಚೀನ ಕೃತಿ 1923ರಲ್ಲಿ ಪ್ರಕಟವಾಯಿತು. ಮರುವರ್ಷವೇ ಜರ್ಮನಿಯ ವಿದ್ವಾಂಸ ಅಡಾಲ್ಫ್ ಎರ್ಮನ್, ಜ್ಞಾನೋಕ್ತಿಗಳ 22 ಮತ್ತು 23ನೇ ಅಧ್ಯಾಯಗಳಿಗೂ ಅದಕ್ಕೂ ಇರುವ ಹತ್ತಿರದ ಹೋಲಿಕೆಯನ್ನು ತೋರಿಸಿಕೊಟ್ಟರು. ಬಡವನನ್ನು ದೋಚಬಾರದು, ಹೊಲದ ಗಡಿಕಲ್ಲನ್ನು ಸರಿಸಬಾರದು ಎಂಬ ಮಾತು ನೈಲ್ ನದಿಯ ದಡದಲ್ಲೂ ಜೆರುಸಲೇಮಿನಲ್ಲೂ ಒಂದೇ ಆಗಿತ್ತು.

ಒಳಗಿನಿಂದಲೇ ಎದ್ದ ಪ್ರಶ್ನೆ

ಆದರೆ ಬದುಕು ಗಾದೆಯಂತೆ ನಡೆಯುವುದಿಲ್ಲ. ಇದನ್ನು ಮೊದಲು ಹೇಳಿದ್ದು ಕೂಡ ವಿವೇಕದ ಪರಂಪರೆಯೇ. ಕುರ್‌ಆನಿನಲ್ಲಿ ಪ್ರವಾದಿ ಅಯ್ಯೂಬರು ಸಹನೆಯ ಪ್ರತೀಕ. ಬೈಬಲಿನ ಯೋಬನ ಗ್ರಂಥದಲ್ಲಿ ಅದೇ ವ್ಯಕ್ತಿ ನೋವಿನಿಂದ ವಾದಿಸುತ್ತಾನೆ. ನೀನು ಪಾಪ ಮಾಡಿರಲೇಬೇಕು, ಇಲ್ಲದಿದ್ದರೆ ಈ ಸಂಕಟ ಬರುತ್ತಿರಲಿಲ್ಲ ಎಂದು ಮಿತ್ರರು ಅವನನ್ನು ಚುಚ್ಚುತ್ತಾರೆ. ಕೊನೆಯಲ್ಲಿ ದೇವನು ಗದರಿಸುವುದು ಆ ಮಿತ್ರರನ್ನು. ಸಂಕಟದಲ್ಲಿರುವವನನ್ನೇ ಅಪರಾಧಿಯಾಗಿಸುವ ಧಾರ್ಮಿಕತೆಗೆ ಅಲ್ಲಿ ಸ್ಥಾನ ಸಿಗಲಿಲ್ಲ ಎಂಬುದು ಗಮನಾರ್ಹ.

ಪ್ರಸಂಗಿ ಎಂಬ ಕಿರುಗ್ರಂಥ ಇನ್ನೂ ಮುಂದೆ ಹೋಗುತ್ತದೆ. ಜ್ಞಾನಿಗೂ ಮೂಢನಿಗೂ ಒಂದೇ ಸಾವು, ಹಾಗಿದ್ದ ಮೇಲೆ ಜ್ಞಾನದ ಲಾಭವೇನು ಎಂದು ಅದು ಕೇಳುತ್ತದೆ. ಅದರಲ್ಲಿ ‘ಪರ್ದೇಸ್’ ಎಂಬ ಪರ್ಷಿಯನ್ ಮೂಲದ ಪದವಿದೆ, ಅಂದರೆ ತೋಟ. ಅರಬಿಯ ‘ಫಿರ್ದೌಸ್’ ಕೂಡ ಅದೇ ಮೂಲದ್ದು. ಆದರೆ ಪ್ರಸಂಗಿಯ ಪಾಲಿಗೆ ಅದು ಸ್ವರ್ಗವಲ್ಲ, ಶ್ರೀಮಂತನೊಬ್ಬ ನೆಟ್ಟು ಬೆಳೆಸಿದ ಹಣ್ಣಿನ ತೋಟ ಮಾತ್ರ. ಸಾವಿನಾಚೆಗೆ ಪ್ರತಿಫಲವಿದೆಯೆಂಬ ಭರವಸೆಯನ್ನು ಅವನು ಕೊಡುವುದಿಲ್ಲ.

ಕ್ರಿ.ಪೂ. 180ರ ಸುಮಾರಿಗೆ ಜೆರುಸಲೇಮಿನಲ್ಲಿ ಬೆನ್ ಸಿರಾ ಎಂಬ ಗುರುವಿದ್ದರು. ಯುವಕರಿಗೆ ಪಾಠ ಹೇಳುತ್ತಿದ್ದ ಅವರು ತಮ್ಮ ಗ್ರಂಥದಲ್ಲಿ ಸ್ವಂತ ಹೆಸರನ್ನೇ ಬರೆದಿದ್ದಾರೆ. ಕುಂಬಾರ, ಕಮ್ಮಾರರಿಲ್ಲದೆ ಊರು ನಿಲ್ಲದು ಎಂದು ಒಪ್ಪುತ್ತಲೇ ಗ್ರಂಥಾಭ್ಯಾಸಿಗೆ ಅವರು ಮೇಲಿನ ಸ್ಥಾನ ಕೊಡುತ್ತಾರೆ. ವಿವೇಕವು ಭೂಮಿಯೆಲ್ಲ ಸುತ್ತಿ ಕೊನೆಗೆ ಜೆರುಸಲೇಮಿನಲ್ಲಿ ನೆಲೆಸಿತು, ಅದು ತೌರಾತಿನ ರೂಪದಲ್ಲಿ ನಮ್ಮ ಕೈಯಲ್ಲೇ ಇದೆ ಎಂಬುದು ಅವರ ದೃಢ ನಂಬಿಕೆ. ಆದ್ದರಿಂದ ನಿಗೂಢ ವಿಷಯಗಳ ಬೆನ್ನುಹತ್ತಬೇಡಿ, ಕನಸುಗಳನ್ನು ನಂಬಿ ಮೋಸಹೋಗಬೇಡಿ ಎಂದು ಅವರು ಎಚ್ಚರಿಸುತ್ತಾರೆ.

ಕನಸು ಕಂಡವರು

ಈ ಎಚ್ಚರಿಕೆ ಯಾರಿಗೆ? ಅದೇ ಕಾಲದಲ್ಲಿ ಕನಸು ಮತ್ತು ದರ್ಶನಗಳ ಮೂಲಕ ಮಾತಾಡುವ ಬರಹಗಾರರು ಯಹೂದಿಗಳಲ್ಲಿ ಇದ್ದರು. ಅವರ ಸಾಹಿತ್ಯವನ್ನು ವಿದ್ವಾಂಸರು ‘ಅಪೋಕಲಿಪ್ಸ್’ ಎಂದು ಕರೆಯುತ್ತಾರೆ. ಗ್ರೀಕ್ ಭಾಷೆಯಲ್ಲಿ ಆ ಪದಕ್ಕೆ ಮುಸುಕು ತೆಗೆಯುವುದು ಎಂದಷ್ಟೇ ಅರ್ಥ, ಪ್ರಳಯವೆಂಬ ಅರ್ಥ ಸೇರಿಕೊಂಡದ್ದು ಆಮೇಲೆ. ಈ ಲೇಖಕರು ಸ್ವಂತ ಹೆಸರು ಹೇಳದೆ ಪ್ರಾಚೀನ ಮಹಾಪುರುಷರ ಹೆಸರಿನಲ್ಲಿ ಬರೆದರು.

ಅವರಲ್ಲಿ ಮೊದಲ ಹೆಸರು ಹನೋಕ. ಮುಸ್ಲಿಮ್ ವಿದ್ವಾಂಸರಲ್ಲಿ ಅನೇಕರು ಇವರನ್ನು ಪ್ರವಾದಿ ಇದ್ರೀಸರೆಂದು ಗುರುತಿಸಿದ್ದಾರೆ. ಹನೋಕನ ಗ್ರಂಥದ ಹಳೆಯ ಭಾಗಗಳು ಕ್ರಿ.ಪೂ. 3ನೇ ಶತಮಾನದಷ್ಟು ಹಿಂದಿನವು. ದಾರಿ ತಪ್ಪಿದ ದೇವಚರರು ಭೂಮಿಗಿಳಿದು ಮನುಷ್ಯರಿಗೆ ಆಯುಧ ತಯಾರಿಸುವುದನ್ನೂ ಮಾಟ, ಜ್ಯೋತಿಷ್ಯಗಳನ್ನೂ ಕಲಿಸಿದ್ದರಿಂದ ಲೋಕ ರಕ್ತದಿಂದ ತುಂಬಿತು ಎಂಬ ಕಥೆ ಅದರಲ್ಲಿದೆ. ಅಂದರೆ ಎಲ್ಲ ಜ್ಞಾನವೂ ವಿವೇಕವಲ್ಲ. ಆ ಗ್ರಂಥದ 42ನೇ ಅಧ್ಯಾಯದಲ್ಲಿ ವಿವೇಕವು ಮನುಷ್ಯರ ನಡುವೆ ವಾಸಕ್ಕೆ ಜಾಗ ಹುಡುಕುತ್ತದೆ, ಎಲ್ಲೂ ಸಿಗದೆ ಆಕಾಶಕ್ಕೆ ಮರಳುತ್ತದೆ. ಬೆನ್ ಸಿರಾ ವಿವೇಕಕ್ಕೆ ಜೆರುಸಲೇಮಿನಲ್ಲಿ ಮನೆ ತೋರಿಸಿದರೆ, ಇಲ್ಲಿ ಅದು ಮನೆಯಿಲ್ಲದ ಪರದೇಶಿ. ಅನ್ಯಾಯವೇ ಆಳುತ್ತಿರುವಾಗ ವಿವೇಕ ಬೀದಿಯಲ್ಲಿ ಸಿಗುವುದಿಲ್ಲ, ಅದು ಮೇಲಿನಿಂದಲೇ ತಿಳಿದುಬರಬೇಕು ಎಂಬುದು ಇದರ ಇಂಗಿತ.

ಕ್ರಿ.ಪೂ. 167ರಲ್ಲಿ ಈ ಚರ್ಚೆ ಜೀವನ್ಮರಣದ ಪ್ರಶ್ನೆಯಾಯಿತು. ಸಿರಿಯಾದ ಗ್ರೀಕ್ ದೊರೆ ನಾಲ್ಕನೆಯ ಆಂಟಿಯೋಕಸ್ ಜೆರುಸಲೇಮಿನ ದೇವಾಲಯವನ್ನು ಅಪವಿತ್ರಗೊಳಿಸಿದ, ಸುನ್ನತಿಯನ್ನೂ ಸಬ್ಬತ್ ಆಚರಣೆಯನ್ನೂ ನಿಷೇಧಿಸಿದ. ಸಬ್ಬತ್ ದಿನ ಎದುರು ಹೋರಾಡಲು ಒಪ್ಪದೆ ಸಾವಿರದಷ್ಟು ಜನ ಸತ್ತರೆಂದು ಮಕಾಬಿಯರ ಮೊದಲನೆಯ ಗ್ರಂಥ ಹೇಳುತ್ತದೆ. ಈಗ ಧರ್ಮ ಬಿಟ್ಟವನು ಬದುಕುತ್ತಿದ್ದ, ಧರ್ಮ ಪಾಲಿಸಿದವನು ಸಾಯುತ್ತಿದ್ದ. ಧರ್ಮದಿಂದ ದೀರ್ಘಾಯುಷ್ಯ ಎಂಬ ಹಳೆಯ ಪಾಠವನ್ನು ಸತ್ತವರ ಮನೆಯವರಿಗೆ ಹೇಗೆ ಹೇಳುವುದು?

ದಾನಿಯೇಲನ ಗ್ರಂಥ ಉತ್ತರ ಕೊಟ್ಟದ್ದು ಈ ಗಳಿಗೆಯಲ್ಲಿ. ಕಥೆ ಬಾಬಿಲೋನಿನ ಆಸ್ಥಾನದ್ದಾದರೂ ಅದರ ದರ್ಶನಗಳು ಆಂಟಿಯೋಕಸನ ಕಾಲದಲ್ಲೇ ರಚನೆಯಾದವು ಎಂಬುದು ಬಹುತೇಕ ಇತಿಹಾಸಕಾರರ ಅಭಿಪ್ರಾಯ. 3ನೇ ಶತಮಾನದಲ್ಲೇ ಪೋರ್ಫಿರಿ ಎಂಬ ತತ್ವಜ್ಞಾನಿ ಇದನ್ನು ವಾದಿಸಿದ್ದ. ಒಂದರ ಹಿಂದೆ ಒಂದರಂತೆ ನಾಲ್ಕು ಸಾಮ್ರಾಜ್ಯಗಳು ಬರುತ್ತವೆ, ನಾಲ್ಕೂ ಅಳಿಯುತ್ತವೆ, ಕೊನೆಗೆ ಆಳ್ವಿಕೆ ದೇವನದು ಎಂದು ಅದು ಸಾರುತ್ತದೆ. ಮಣ್ಣಲ್ಲಿ ಮಲಗಿದವರು ಎದ್ದು ನ್ಯಾಯ ಪಡೆಯುತ್ತಾರೆಂಬ ಮಾತು ಹೀಬ್ರೂ ಬೈಬಲಿನಲ್ಲಿ ಅತ್ಯಂತ ಸ್ಪಷ್ಟವಾಗಿ ಬರುವುದು ಇದರ 12ನೇ ಅಧ್ಯಾಯದಲ್ಲೇ. ಆ ದಿನ ನಕ್ಷತ್ರಗಳಂತೆ ಬೆಳಗುವವರು ಕತ್ತಿ ಹಿಡಿದ ವೀರರಲ್ಲ, ಜನರಿಗೆ ಅರಿವು ಕೊಟ್ಟ ವಿವೇಕಿಗಳು. ದಾನಿಯೇಲನೂ ಮೂಲತಃ ಆಸ್ಥಾನದ ವಿವೇಕಿಯೇ. ಅಂತ್ಯದಿನದ ಚಿಂತನೆ ಹುಟ್ಟಿದ್ದೇ ವಿವೇಕದ ಪರಂಪರೆಯಿಂದ ಎಂದು 1960ರ ದಶಕದಲ್ಲಿ ಜರ್ಮನ್ ವಿದ್ವಾಂಸ ಗೆರ್ಹಾರ್ಡ್ ಫಾನ್ ರಾಡ್ ವಾದಿಸಿದರು. ಎಲ್ಲರೂ ಅದನ್ನು ಒಪ್ಪಲಿಲ್ಲ, ಆದರೆ ಎರಡರ ನಡುವೆ ಗೋಡೆಯಿತ್ತೆಂದು ಹೇಳುವುದು ಆಮೇಲೆ ಕಷ್ಟವಾಯಿತು.

ಗುಹೆಯಲ್ಲಿ ಸಿಕ್ಕ ಸಾಕ್ಷಿ

ಇದಕ್ಕೆ ಬಲವಾದ ಸಾಕ್ಷಿ ದೊರೆತದ್ದು ಮೃತ ಸಮುದ್ರದ ದಡದ ಕುಮ್ರಾನಿನಲ್ಲಿ. 1947ರಲ್ಲಿ ಬೆದೂಯಿನ್ ಕುರಿಗಾಹಿಗಳ ಕಣ್ಣಿಗೆ ಬಿದ್ದ ಸುರುಳಿಗಳಿಂದ ಆರಂಭವಾಗಿ 11 ಗುಹೆಗಳಲ್ಲಿ ನೂರಾರು ಹಸ್ತಪ್ರತಿಗಳ ತುಣುಕುಗಳು ಸಿಕ್ಕವು. ಅವುಗಳಲ್ಲಿ ಅರಾಮಿಕ್ ಭಾಷೆಯ ಹನೋಕನ 11 ಪ್ರತಿಗಳೂ ದಾನಿಯೇಲನ ಎಂಟು ಪ್ರತಿಗಳೂ ಇದ್ದವು. ‘ಬೋಧನೆ’ ಎಂದು ವಿದ್ವಾಂಸರು ಕರೆಯುವ, ಅದುವರೆಗೆ ಯಾರಿಗೂ ಗೊತ್ತಿರದಿದ್ದ ಕೃತಿಯ ಕನಿಷ್ಠ ಆರು ಪ್ರತಿಗಳು ದೊರೆತವು. ಅದರ ಮುಖ್ಯ ಭಾಗಗಳು ವಿಧಿವತ್ತಾಗಿ ಪ್ರಕಟವಾದದ್ದು 1999ರಲ್ಲಿ.

ಈ ಕೃತಿ ಮಾತಾಡುವುದು ಬಡವನೊಂದಿಗೆ. ನೀನು ಬಡವ ಎಂದು ಅದು ಮತ್ತೆ ಮತ್ತೆ ನೆನಪಿಸುತ್ತದೆ. ಸಾಲವನ್ನು ಬೇಗ ತೀರಿಸು, ತಂದೆತಾಯಿಯನ್ನು ಗೌರವಿಸು, ಹಣಕ್ಕಾಗಿ ಮಾನ ಮಾರಬೇಡ ಎಂಬ ದಿನನಿತ್ಯದ ಬುದ್ಧಿಮಾತುಗಳು ಅಲ್ಲಿವೆ. ಜೊತೆಗೇ ‘ರಾಝ್ ನಿಹ್ಯೆ’ಯನ್ನು, ಅಂದರೆ ಬರಲಿರುವುದರ ರಹಸ್ಯವನ್ನು ಧ್ಯಾನಿಸು ಎಂದೂ ಹೇಳುತ್ತದೆ. ಈ ‘ರಾಝ್’ ಪರ್ಷಿಯನ್ನಿನಿಂದ ಬಂದ ಪದ, ಉರ್ದು ಬಲ್ಲವರಿಗೆ ಅದರ ಅರ್ಥ ಹೇಳಬೇಕಾಗಿಲ್ಲ. ಅಂತಿಮ ವಿಚಾರಣೆಯ ದಿನ ಖಚಿತ, ಆದ್ದರಿಂದ ಇಂದಿನ ಲೆಕ್ಕ ಚೊಕ್ಕವಾಗಿರಲಿ ಎಂಬುದು ಇದರ ತಾತ್ಪರ್ಯ. ಇಲ್ಲಿ ಪರಲೋಕದ ಚಿಂತೆ ಸಂಸಾರದಿಂದ ಓಡಿಹೋಗಲು ನೆಪವಾಗಿಲ್ಲ.

ಕ್ರಿ.ಶ. 70ರಲ್ಲಿ ರೋಮನ್ನರು ಜೆರುಸಲೇಮಿನ ದೇವಾಲಯವನ್ನು ಸುಟ್ಟರು. 100ರ ಸುಮಾರಿಗೆ ಎಜ್ರನ ಹೆಸರಿನಲ್ಲಿ ಬಂದ ಗ್ರಂಥವೊಂದು ಆ ನೋವನ್ನು ದೇವಚರ ಉರಿಯೇಲನ ಮುಂದೆ ಇಡುತ್ತದೆ: ನಮಗಿಂತ ಕೆಟ್ಟವರು ಏಕೆ ಗೆದ್ದರು? ಬೆಂಕಿಯ ತೂಕವನ್ನು ಹೇಳಬಲ್ಲೆಯಾ ಎಂದು ದೇವಚರ ಮರುಪ್ರಶ್ನೆ ಹಾಕುತ್ತಾನೆ. ಆದರೂ ಎಜ್ರ ಕೇಳುವುದನ್ನು ನಿಲ್ಲಿಸುವುದಿಲ್ಲ. ಕೊನೆಯಲ್ಲಿ ಅವನು 94 ಗ್ರಂಥಗಳನ್ನು ಬರೆಸುತ್ತಾನೆ. 24 ಎಲ್ಲರಿಗಾಗಿ, ಉಳಿದ 70 ವಿವೇಕಿಗಳಿಗಾಗಿ. ಈ ಗ್ರಂಥದ ಹೀಬ್ರೂ ಮೂಲ ಕಳೆದುಹೋಗಿದೆ. ಲ್ಯಾಟಿನ್, ಸಿರಿಯಾಕ್, ಅರಬಿ ಮೊದಲಾದ ಅನುವಾದಗಳಲ್ಲಿ ಅದು ಉಳಿದಿದೆ.

132ರಿಂದ 135ರವರೆಗೆ ನಡೆದ ಬಾರ್ ಕೊಖ್ಬಾ ಬಂಡಾಯಕ್ಕೆ ಮಸೀಹನ ನಿರೀಕ್ಷೆಯೂ ಬೆರೆತಿತ್ತು. ಅದು ಭಾರೀ ಸಾವುನೋವಿನಲ್ಲಿ ಮುಗಿಯಿತು. ಆ ನಂತರದ ಯಹೂದಿ ಗುರುಗಳು ಎಚ್ಚರಗೊಂಡರು. ಪುನರುತ್ಥಾನದ ನಂಬಿಕೆಯನ್ನು ಅವರು ಗಟ್ಟಿಯಾಗಿ ಉಳಿಸಿಕೊಂಡರು, ಆದರೆ ಅಂತ್ಯದ ದಿನಾಂಕ ಲೆಕ್ಕ ಹಾಕುವವರನ್ನು ತಾಲ್ಮೂದ್ ಕಟುವಾಗಿ ಖಂಡಿಸಿತು. ನಿಗೂಢಗಳ ಬೆನ್ನುಹತ್ತಬೇಡಿ ಎಂದಾಗ ಅದು ಆಧಾರವಾಗಿ ಕೊಟ್ಟದ್ದು ಬೆನ್ ಸಿರಾರ ಮಾತನ್ನೇ.

ಗ್ರಂಥಗಳ ಹಣೆಬರಹ ಇನ್ನೂ ಸೋಜಿಗದ್ದು. ಯಹೂದಿಗಳು ಕೈಬಿಟ್ಟ ಹನೋಕನನ್ನು ಇಥಿಯೋಪಿಯಾದ ಚರ್ಚು ಕಾಪಾಡಿತು. ಜೇಮ್ಸ್ ಬ್ರೂಸ್ ಎಂಬ ಪ್ರವಾಸಿ 1773ರಲ್ಲಿ ಅದನ್ನು ಯೂರೋಪಿಗೆ ಒಯ್ದ. ಬೆನ್ ಸಿರಾರ ಹೀಬ್ರೂ ಮೂಲವನ್ನು, ಅರಬಿಯಲ್ಲಿ ಬರೆಯುತ್ತಿದ್ದ ಯಹೂದಿ ವಿದ್ವಾಂಸ ಸಆದಿಯಾ 10ನೇ ಶತಮಾನದಲ್ಲಿ ಬಲ್ಲವರಾಗಿದ್ದರು. ಆಮೇಲೆ ಕಣ್ಮರೆಯಾದ ಅದು 1896ರಲ್ಲಿ ಮತ್ತೆ ಬೆಳಕಿಗೆ ಬಂತು. ಅದರ ಹಾಳೆಗಳು ಉಳಿದಿದ್ದುದು ಮುಸ್ಲಿಮ್ ಆಳ್ವಿಕೆಯಲ್ಲಿ ಬೆಳೆದ ಕೈರೋ ನಗರದ ಸಿನಗಾಗ್‌ನ ಹಳೆಯ ಕಾಗದಗಳ ಕೋಣೆಯಲ್ಲಿ. ಒಂದು ಸಮುದಾಯದ ನೆನಪನ್ನು ಇನ್ನೊಂದು ಸಮುದಾಯ ಉಳಿಸಿಕೊಟ್ಟ ಚರಿತ್ರೆಯಿದು.

ಇಂದಿಗೂ ಯುದ್ಧದ ಸುದ್ದಿ ಬಂದಾಗಲೆಲ್ಲ ಅಂತ್ಯದಿನದ ಲಕ್ಷಣಗಳನ್ನು ಎಣಿಸುವವರು ಎಲ್ಲ ಧರ್ಮಗಳಲ್ಲೂ ಇದ್ದಾರೆ. ನೊಂದವನ ಬಳಿ ಹೋಗಿ ನಿನ್ನ ತಪ್ಪಿಗೆ ನಿನಗೆ ಶಿಕ್ಷೆ ಎನ್ನುವವರಿಗೂ ಕೊರತೆಯಿಲ್ಲ. ಈ ಹಳೆಯ ಗ್ರಂಥಗಳು ಇಬ್ಬರನ್ನೂ ಪ್ರಶ್ನಿಸುತ್ತವೆ. ಕೈಯಲ್ಲಿ ಸಸಿಯಿರುವಾಗ ಮಸೀಹ ಬಂದನೆಂಬ ಸುದ್ದಿ ಕೇಳಿದರೆ, ಮೊದಲು ಸಸಿ ನೆಟ್ಟು ಆಮೇಲೆ ಸ್ವಾಗತಕ್ಕೆ ಹೋಗಿ ಎಂದು ದೇವಾಲಯದ ನಾಶವನ್ನು ಕಂಡ ಗುರು ಯೋಹನಾನ್ ಬೆನ್ ಜಕ್ಕಾಯ್ ಹೇಳಿದ್ದರೆಂದು ಯಹೂದಿ ಪರಂಪರೆ ನೆನೆಯುತ್ತದೆ. ಅಂತಿಮ ಗಳಿಗೆ ಬಂದೇಬಿಟ್ಟರೂ ಕೈಯಲ್ಲಿರುವ ಸಸಿಯನ್ನು ನೆಡಬೇಕೆಂಬ ಪ್ರವಾದಿ ಮುಹಮ್ಮದ್(ಸ)ರ ವಚನವನ್ನು ನಾವೂ ಕೇಳುತ್ತಾ ಬೆಳೆದಿದ್ದೇವೆ. ಕೊನೆಯ ನ್ಯಾಯದ ಮೇಲಿನ ಭರವಸೆಯೂ ಇಂದಿನ ದಿನದ ಹೊಣೆಯೂ ಒಟ್ಟಿಗೇ ಇರಬೇಕು ಎಂಬಲ್ಲಿ ಎರಡು ಪರಂಪರೆಗಳು ಇಷ್ಟು ಹತ್ತಿರ ನಿಂತಿರುವುದನ್ನು ನಾವು ಮರೆಯದಿರೋಣ.