ಮಳೆಯ ನಾಡಿನ ಮನೆಯೂ ಧರ್ಮಸಭೆಯ ಪಂಚಾಂಗವೂ

ಧರ್ಮಸಭೆಯ ಚರಿತ್ರೆಯನ್ನು ಬರೆಯ ಹೊರಟಾಗ ನಾವು ಸಾಮಾನ್ಯವಾಗಿ ದೇವಾಲಯದ ಶಂಕುಸ್ಥಾಪನೆಯಿಂದ ತೊಡಗುತ್ತೇವೆ. ಯಾವ ವರ್ಷ ಯಾವ ಗುರುಗಳು ಬಂದರು, ಶಾಲೆ ಎಂದು ತೆರೆಯಿತು, ಗಂಟೆಗೋಪುರ ಎಂದು ಎದ್ದಿತು ಎಂಬ ವಿವರಗಳು ಸ್ಮರಣ ಸಂಚಿಕೆಗಳ ಪುಟಗಳನ್ನು ತುಂಬುತ್ತವೆ. ಆದರೆ ಭಾನುವಾರ ಆ ದೇವಾಲಯಕ್ಕೆ ನಡೆದುಬಂದ ಕುಟುಂಬ ಸೋಮವಾರದಿಂದ ಶನಿವಾರದವರೆಗೆ ಹೇಗೆ ಬಾಳಿತು? ಮಳೆಗಾಲಕ್ಕೆಂದು ಏನನ್ನು ಕೂಡಿಟ್ಟಿತು? ಹಸಿವಿನ ತಿಂಗಳನ್ನು ಹೇಗೆ ದಾಟಿತು? ಇಂಥ ಪ್ರಶ್ನೆಗಳಿಗೆ ನಮ್ಮ ದಾಖಲೆ ಪುಸ್ತಕಗಳಲ್ಲಿ ಉತ್ತರ ವಿರಳ. ಉತ್ತರವಿರುವುದು ಅಡುಗೆಮನೆಯ ಅಟ್ಟದಲ್ಲಿ, ಭರಣಿಯಲ್ಲಿ, ಕಣಜದಲ್ಲಿ.

ಇನ್ನೊಂದು ಸಂಗತಿಯನ್ನೂ ನಾವು ಗಮನಿಸಬೇಕು. ಧರ್ಮಸಭೆಯ ಪೂಜಾವರ್ಷ ರೂಪುಗೊಂಡದ್ದು ಮೆಡಿಟರೇನಿಯನ್ ತೀರದಲ್ಲಿ ಮತ್ತು ಯುರೋಪಿನ ಚಳಿನಾಡುಗಳಲ್ಲಿ. ಅಲ್ಲಿ ಕ್ರಿಸ್ತಜಯಂತಿ ಬರುವುದು ಕಡುಚಳಿಯ ದೀರ್ಘ ರಾತ್ರಿಗಳ ನಡುವೆ; ಪಾಸ್ಕ ಹಬ್ಬ ಬರುವುದು ಒಣಗಿದ ಕೊಂಬೆಗಳು ಚಿಗುರುವ ವಸಂತದಲ್ಲಿ. ನಮ್ಮ ಕರಾವಳಿಯಲ್ಲಾದರೋ ಪಾಸ್ಕ ಬರುವ ಹೊತ್ತಿಗೆ ಬಾವಿಯ ನೀರು ತಳ ಕಂಡಿರುತ್ತದೆ. ಬೇರೊಂದು ಹವೆಯಲ್ಲಿ ಹುಟ್ಟಿದ ಈ ಪಂಚಾಂಗವನ್ನು ನಮ್ಮ ಮಳೆ ಬಿಸಿಲುಗಳಿಗೆ ಹೊಂದಿಸಿದವರು ಯಾರು? ಯಾವ ಮಹಾಸಭೆಯೂ ಅದನ್ನು ನಿರ್ಣಯಿಸಿ ಕಳುಹಿಸಲಿಲ್ಲ. ಬಹುಮಟ್ಟಿಗೆ ಆ ಕೆಲಸವನ್ನು ಮಾಡಿದ್ದು ಮನೆ. ದಕ್ಷಿಣ ಕನ್ನಡದ ಕ್ರೈಸ್ತ ಕುಟುಂಬಗಳ ಋತುಚಕ್ರ ಇದಕ್ಕೊಂದು ಒಳ್ಳೆಯ ನಿದರ್ಶನ.

ಬೇಸಗೆ: ಕೂಡಿಡುವ ಕಾಲ

ಹದಿನಾರನೆಯ ಶತಮಾನದಿಂದ ಗೋವೆಯಿಂದ ಅಲೆಅಲೆಯಾಗಿ ದಕ್ಷಿಣಕ್ಕೆ ಬಂದ ಕೊಂಕಣಿ ಕ್ರೈಸ್ತರಲ್ಲಿ ಹೆಚ್ಚಿನವರು ಬೇಸಾಯಗಾರರು. ಕೆಳದಿಯ ನಾಯಕರು ಅವರ ಕೃಷಿ ಕೌಶಲವನ್ನು ಮೆಚ್ಚಿ ತಮ್ಮ ನಾಡಿನಲ್ಲಿ ನೆಲೆಸಲು ಅವಕಾಶ ಕೊಟ್ಟರು. ಅವರು ಬಂದು ನೆಲೆನಿಂತದ್ದು ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿಗೂ ಮಿಗಿಲಾಗಿ ಮಳೆ ಸುರಿಯುವ ನೆಲದಲ್ಲಿ. ಆ ಮಳೆಯ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ ಬಿದ್ದುಹೋಗುತ್ತದೆ. ಆದುದರಿಂದ ಇಲ್ಲಿನ ಗೃಹಜೀವನಕ್ಕೆ ಒಂದೇ ಸೂತ್ರ: ಎಂಟು ತಿಂಗಳಲ್ಲಿ ನಾಲ್ಕು ತಿಂಗಳಿಗೆ ಬೇಕಾದುದನ್ನು ಸಿದ್ಧಪಡಿಸಿಕೊಳ್ಳಬೇಕು.

ವಿಭೂತಿ ಬುಧವಾರದಿಂದ ತೊಡಗುವ ತಪಸ್ಸುಕಾಲ ಈ ಸಿದ್ಧತೆಯ ಕಾಲವೂ ಆಗಿತ್ತು. ಉಪವಾಸ ಶುಕ್ರವಾರಗಳ ನಡುವೆಯೇ ಎಳೆ ಮಾವಿನ ಮಿಡಿ ಭರಣಿ ಸೇರುತ್ತಿತ್ತು. ಹಲಸು ಬಲಿತಂತೆ ಹಪ್ಪಳ ಅಂಗಳದ ಚಾಪೆಯ ಮೇಲೆ ಒಣಗುತ್ತಿತ್ತು. ಹಲಸಿನ ತೊಳೆ ಉಪ್ಪಿನಲ್ಲಿ ಮುಳುಗುತ್ತಿತ್ತು. ಬೀಜ ಮಣ್ಣು ಮೆತ್ತಿಸಿಕೊಂಡು ಮೂಲೆ ಸೇರುತ್ತಿತ್ತು. ಕಡಲಿನಿಂದ ಬಂದ ಮೀನು ಉಪ್ಪುಂಡು ಒಣಗುತ್ತಿತ್ತು. ಭತ್ತವನ್ನು ಹಂಡೆಯಲ್ಲಿ ಬೇಯಿಸಿ, ಬಿಸಿಲಿಗೆ ಹರಡಿ, ಕುಟ್ಟಿ ಕುಚ್ಚಲಕ್ಕಿ ಮಾಡಿಕೊಳ್ಳುವ ಕೆಲಸ ಮೊದಲ ಮಳೆಗೆ ಮುನ್ನ ಮುಗಿಯಲೇಬೇಕು. ಆ ಅಕ್ಕಿಯನ್ನು ಬೈಹುಲ್ಲಿನಲ್ಲಿ ಸುತ್ತಿ, ಹುಲ್ಲಿನ ಹಗ್ಗದಿಂದ ಬಿಗಿದು ಮುಡಿ ಕಟ್ಟುತ್ತಿದ್ದರು. ನಲವತ್ತೆರಡು ಸೇರಿನ ಒಂದು ಮುಡಿ ಕೇವಲ ಅಳತೆಯಲ್ಲ. ಮಳೆಗಾಲದ ತೇವ ತಾಗದಂತೆ ಅಕ್ಕಿಯನ್ನು ಕಾಯುವ ಉಪಾಯವೂ ಹೌದು.

ಗರಿಗಳ ಭಾನುವಾರದ ಆಚರಣೆಯನ್ನೇ ನೋಡಿ. ಜೆರುಸಲೇಮಿನ ಖರ್ಜೂರದ ಗರಿಯ ಸ್ಥಾನಕ್ಕೆ ಇಲ್ಲಿ ಎಳೆಯ ತೆಂಗಿನ ಗರಿ ಬಂದಿತು. ಆಶೀರ್ವದಿಸಿದ ಗರಿಯನ್ನು ಮನೆಗೆ ತಂದು ಶಿಲುಬೆಯ ಹಿಂದೆ ಸಿಕ್ಕಿಸುವುದು ವಾಡಿಕೆ. ಪಾಸ್ಕದ ಬೆನ್ನಿಗೇ ಗುಡುಗು ಮಿಂಚುಗಳ ಸಂಜೆಗಳು ತೊಡಗುತ್ತವೆ. ಅಂಥ ಹೊತ್ತಿನಲ್ಲಿ ಆ ಗರಿಯ ಚೂರೊಂದನ್ನು ಕೆಂಡಕ್ಕೆ ಹಾಕಿ, ಮಕ್ಕಳನ್ನು ಹತ್ತಿರ ಕೂಡಿಸಿಕೊಂಡು ಪ್ರಾರ್ಥಿಸುವ ರೂಢಿ ಕೆಲವು ಮನೆಗಳಲ್ಲಿತ್ತು. ಉಳಿದ ಗರಿ ಮುಂದಿನ ವರ್ಷದ ವಿಭೂತಿಯಾಗುತ್ತಿತ್ತು. ಹೀಗೆ ಒಂದು ಗರಿ ವರ್ಷದ ಒಂದು ತುದಿಯನ್ನು ಇನ್ನೊಂದಕ್ಕೆ ಹೆಣೆಯುತ್ತಿತ್ತು.

ಆಟಿ: ಹಸಿವಿನ ತಿಂಗಳು

ಜೂನ್ ತಿಂಗಳಲ್ಲಿ ನೇಜಿ ನೆಡುವ ಕೆಲಸ. ಬೆನ್ನಿಗೆ ಗೊರಬೆ ಹೊತ್ತ ಹೆಂಗಸರು ಕೆಸರಿನಲ್ಲಿ ದಿನವಿಡೀ ಬಾಗಿ ದುಡಿಯುತ್ತಿದ್ದರು. ನಾಟಿ ಮುಗಿದ ಮೇಲೆ ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗೆ ತುಳುವರು ಆಟಿ ಎಂದು ಕರೆಯುವ ತಿಂಗಳು. ಹೊಲದಲ್ಲಿ ಕೆಲಸವಿಲ್ಲ, ಕಡಲಿಗೆ ಇಳಿಯುವಂತಿಲ್ಲ, ಕಣಜದ ತಳ ಕಾಣತೊಡಗಿರುತ್ತದೆ. ಆಗ ಊಟವನ್ನು ಒದಗಿಸುತ್ತಿದ್ದುದು ಬೇಲಿ ಮತ್ತು ಗುಡ್ಡ: ತಜಂಕಿನ ಸೊಪ್ಪು, ಕೆಸುವಿನ ಎಲೆಯ ಪತ್ರೊಡೆ, ಬಿದಿರಿನ ಕಣಿಲೆ. ಇವುಗಳ ಜೊತೆಗೆ ಬೇಸಗೆಯಲ್ಲಿ ಕೂಡಿಟ್ಟ ಉಪ್ಪಿನ ಹಲಸು, ಒಣಮೀನು, ಗಂಜಿ. ಈ ಊಟದಲ್ಲಿ ಕ್ರೈಸ್ತ ಮನೆಗೂ ನೆರೆಯ ಹಿಂದೂ ಮನೆಗೂ ಭೇದವಿರಲಿಲ್ಲ. ಒಂದೇ ಮಳೆ, ಒಂದೇ ಹಸಿವು, ಒಂದೇ ಸೊಪ್ಪು.

ಈ ತಿಂಗಳನ್ನು ನೆನೆಯುವಾಗ ಹಳೆಯದೆಲ್ಲ ಸುಂದರವೆಂಬ ಭ್ರಮೆಗೆ ನಾವು ಒಳಗಾಗಬಾರದು. ಮಳೆ ಎಲ್ಲರ ಮೇಲೆ ಸಮನಾಗಿ ಸುರಿದರೂ ಎಲ್ಲರ ಮಾಡೂ ಸಮನಾಗಿರಲಿಲ್ಲ. ಭೂಮಿಯುಳ್ಳವನ ಮನೆಯಲ್ಲಿ ಮುಡಿಗಳು ಸಾಲಾಗಿ ಕುಳಿತಿದ್ದರೆ ಗೇಣಿಯ ಒಕ್ಕಲು ತಾನು ಬೆಳೆದ ಅಕ್ಕಿಯನ್ನು ಮುಡಿಗಟ್ಟಿ ಧಣಿಯ ಮನೆಗೆ ಒಪ್ಪಿಸಿ, ಆಟಿಯಲ್ಲಿ ಅಲ್ಲಿಂದಲೇ ಸಾಲ ತರುತ್ತಿದ್ದ. ಕ್ರೈಸ್ತರಲ್ಲಿ ಧಣಿಗಳೂ ಇದ್ದರು, ಒಕ್ಕಲುಗಳೂ ಇದ್ದರು. ಒಂದೇ ಪೀಠದ ಮುಂದೆ ಮೊಣಕಾಲೂರಿದವರು ಒಂದೇ ಬಗೆಯ ಗಂಜಿ ಉಣ್ಣುತ್ತಿರಲಿಲ್ಲ. 1974ರ ಮಾರ್ಚ್ 1ರಿಂದ ಜಾರಿಗೆ ಬಂದ ಭೂಸುಧಾರಣೆಯ ತಿದ್ದುಪಡಿ ಕಾನೂನು ಗೇಣಿಯ ಈ ಸರಪಳಿಯನ್ನು ಕಡಿದ ಮೇಲೆಯೇ ಎಷ್ಟೋ ಒಕ್ಕಲು ಮನೆಗಳ ಅಕ್ಕಿ ಅವರ ಮನೆಯಲ್ಲೇ ಉಳಿಯಿತು.

ಮಳೆಯ ಸಂಜೆಗಳ ಮತ್ತೊಂದು ಆಸರೆ ಜಪಸರ. ಹೊರಗೆ ಹೊಳೆ ಉಕ್ಕಿ ದೇವಾಲಯದ ದಾರಿ ಕಡಿದುಹೋದ ದಿನಗಳಲ್ಲಿ ಮನೆಯೇ ದೇವಾಲಯ. ದೀಪ ಹಚ್ಚಿದ ಮೇಲೆ ಅಜ್ಜಿ ಆರಂಭಿಸಿದ ಪ್ರಾರ್ಥನೆಯನ್ನು ಮನೆಮಂದಿಯೆಲ್ಲ ಮುಂದುವರಿಸುತ್ತಿದ್ದರು. ಓದು ಬಾರದವರಿಗೂ ಧರ್ಮೋಪದೇಶ ಬಾಯಿಪಾಠವಾದದ್ದು ಹೀಗೆ.

ತೆನೆ: ಮರಿಯಮ್ಮನ ಹುಟ್ಟುಹಬ್ಬ

ಮಳೆ ಹಿಂಜರಿಯುವ ಹೊತ್ತಿಗೆ ಏಣೆಲು ಬೆಳೆಯ ತೆನೆ ಹಣ್ಣಾಗುತ್ತದೆ. ಅದೇ ಹೊತ್ತಿಗೆ, ಸೆಪ್ಟೆಂಬರ್ 8ರಂದು, ಧರ್ಮಸಭೆಯ ಪಂಚಾಂಗದಲ್ಲಿ ಮಾತೆ ಮರಿಯಮ್ಮನ ಜನನದ ಹಬ್ಬ. ಈ ಎರಡೂ ಒಂದಾದ ಹಬ್ಬವೇ ಮೊಂತಿ ಫೆಸ್ತ್. ನೇತ್ರಾವತಿಯ ದಂಡೆಯ ಫರಂಗಿಪೇಟೆಯಲ್ಲಿ, ಮೊಂತೆ ಮರಿಯಾನೊ ಎಂಬ ದಿಬ್ಬದ ದೇವಾಲಯದಲ್ಲಿ, ಗೋವೆಯ ಗುರುಗಳಾದ ಜೋಕಿಂ ಮಿರಾಂದರು 1763ರಲ್ಲಿ ಇದನ್ನು ಆರಂಭಿಸಿದರೆಂಬುದು ಪರಂಪರೆ. ‘ಮೊಂತಿ’ ಎಂಬ ಮಾತಿನಲ್ಲಿ ಆ ದಿಬ್ಬದ ಹೆಸರೇ ಉಳಿದಿದೆ. ಒಂಬತ್ತು ದಿನಗಳ ನೊವೇನ, ಮಕ್ಕಳು ತರುವ ಹೂವು, ಹಬ್ಬದ ದಿನ ಆಶೀರ್ವದಿಸಿದ ತೆನೆ. ಆ ತೆನೆಯನ್ನು ಮನೆಗೆ ತಂದು, ಕಾಳು ಸುಲಿದು, ಹಾಲಿನಲ್ಲೋ ಪಾಯಸದಲ್ಲೋ ಬೆರೆಸಿ, ಪ್ರಾರ್ಥನೆಯಾದ ಬಳಿಕ ಹಿರಿಯರ ಕೈಯಿಂದ ಎಲ್ಲರೂ ಸ್ವೀಕರಿಸುತ್ತಾರೆ. ಅಂದಿನ ಊಟ ಬಾಳೆಲೆಯ ಮೇಲೆ, ಕೇವಲ ತರಕಾರಿಯದು. ನೆರೆಯ ತುಳುವರ ಮನೆಗಳಲ್ಲಿ ಹೊಸ ಅಕ್ಕಿಯ ಊಟವಾದ ಪುದ್ವಾರ್ ಹೇಗೋ ಹಾಗೆಯೇ ಇದೂ ಮಣ್ಣಿನ ಋಣವನ್ನು ಒಪ್ಪಿಕೊಳ್ಳುವ ಊಟ.

ಈ ಹಬ್ಬದ ಬೇರು ಎಷ್ಟು ಆಳಕ್ಕಿಳಿದಿತ್ತೆಂಬುದನ್ನು ಇತಿಹಾಸ ಪರೀಕ್ಷಿಸಿತು. 1784ರ ಫೆಬ್ರವರಿಯಲ್ಲಿ ಟಿಪ್ಪು ಸುಲ್ತಾನನ ಆಜ್ಞೆಯಂತೆ ಕರಾವಳಿಯ ಕ್ರೈಸ್ತ ಕುಟುಂಬಗಳನ್ನು ಸೆರೆಹಿಡಿದು ಶ್ರೀರಂಗಪಟ್ಟಣಕ್ಕೆ ಸಾಗಿಸಲಾಯಿತು. 1799ರ ಮೇ ತಿಂಗಳಲ್ಲಿ ಶ್ರೀರಂಗಪಟ್ಟಣ ಪತನವಾದ ಮೇಲೆ ಬದುಕುಳಿದವರು ಮರಳತೊಡಗಿದರು. ಹದಿನೈದು ಮಳೆಗಾಲಗಳು ಅವರ ಹೊಲಗಳಿಂದ ದೂರವೇ ಕಳೆದುಹೋಗಿದ್ದವು. ಹಲವು ದೇವಾಲಯಗಳು ನೆಲಸಮವಾಗಿದ್ದವು. ಭೂಮಿ ಬೇರೆಯವರ ಕೈಸೇರಿತ್ತು. ಆದರೂ ತೆನೆಯ ಹಬ್ಬ ಮರಳಿ ಚಿಗುರಿತು. ದೇವಾಲಯಗಳೇ ಬಿದ್ದುಹೋಗಿದ್ದಾಗ ಹಬ್ಬದ ನೆನಪನ್ನು ಹೊತ್ತು ತಂದದ್ದು ಕುಟುಂಬಗಳಲ್ಲದೆ ಮತ್ತಾವುದು?

ಮದುವೆಯ ಕಾಲ, ಕ್ರಿಸ್ತಜಯಂತಿಯ ಹರಿವಾಣ

ಮನೆಯ ದೊಡ್ಡ ಸಂಭ್ರಮವಾದ ಮದುವೆಗೂ ಋತುವಿನ ಕಟ್ಟಳೆಯಿತ್ತು. ಆಗಮನಕಾಲದಿಂದ ಮೂರು ರಾಯರ ಹಬ್ಬದವರೆಗೆ ಮತ್ತು ವಿಭೂತಿ ಬುಧವಾರದಿಂದ ಪಾಸ್ಕದ ಎಂಟನೆಯ ದಿನದವರೆಗೆ ವಿಜೃಂಭಣೆಯ ವಿವಾಹ ಕೂಡದೆಂಬ ಹಳೆಯ ನಿಯಮವನ್ನು ತ್ರೆಂತ್ ಮಹಾಸಭೆ 1563ರಲ್ಲಿ ಎತ್ತಿಹಿಡಿದಿತ್ತು. ಮಳೆಗಾಲದ ನಾಲ್ಕು ತಿಂಗಳು ಚಪ್ಪರ ಹಾಕುವಂತಿಲ್ಲ, ನೆಂಟರು ಹೊಳೆ ದಾಟುವಂತಿಲ್ಲ. ಹೀಗೆ ಒಂದೆಡೆ ಧರ್ಮಸಭೆಯ ನಿಯಮ, ಇನ್ನೊಂದೆಡೆ ಮಳೆ. ಇವೆರಡರ ನಡುವೆ ಮದುವೆಗೆ ಒದಗುತ್ತಿದ್ದುದು ಮುಖ್ಯವಾಗಿ ಜನವರಿಯ ಎರಡನೆಯ ವಾರದಿಂದ ತಪಸ್ಸುಕಾಲದವರೆಗಿನ ಕೆಲವು ವಾರಗಳು, ಪಾಸ್ಕದ ಬಳಿಕ ಮಳೆ ಹಿಡಿಯುವವರೆಗಿನ ಕೆಲವು ವಾರಗಳು. ಏಣೆಲಿನ ಕೊಯ್ಲು ಮುಗಿದು, ಸುಗ್ಗಿಯ ಬೆಳೆಯೂ ಕೈಗೆ ಬಂದಿರುವ ಜನವರಿಯಲ್ಲಿ ಕಣಜ ತುಂಬಿರುತ್ತದೆ ಎಂಬುದೂ ಇದಕ್ಕೆ ಕೂಡಿಬರುತ್ತಿತ್ತು.

ಕ್ರಿಸ್ತಜಯಂತಿಯೂ ಅಂತೆಯೇ. ಚಳಿನಾಡಿನಲ್ಲಿ ಹಿಮದ ಹಬ್ಬವಾದದ್ದು ಇಲ್ಲಿ ಅಕ್ಕಿ, ತೆಂಗು, ಬೆಲ್ಲಗಳ ಹಬ್ಬವಾಯಿತು. ಮನೆಮಂದಿಯೆಲ್ಲ ರಾತ್ರಿ ಕುಳಿತು ಮಾಡುತ್ತಿದ್ದ ನೆವ್ರಿ, ಕಿಡಿಯೊ, ಗುಳಿಯೊ, ಚಕ್ಕುಲಿಗಳಿಗೆ ಒಟ್ಟಾಗಿ ಕುಸ್ವಾರ್ ಎಂದು ಹೆಸರು. ಅದನ್ನು ಹರಿವಾಣದಲ್ಲಿಟ್ಟು, ಬಟ್ಟೆ ಮುಚ್ಚಿ, ನೆರೆಮನೆಗಳಿಗೆ ಕಳುಹಿಸದೆ ಹಬ್ಬ ಪೂರ್ಣವಾಗುತ್ತಿರಲಿಲ್ಲ. ದೀಪಾವಳಿಗೆ ಅವರಿಂದ ಬಂದ ಹರಿವಾಣ ಹಿಂದಿರುಗುತ್ತಿದ್ದುದು ಹೀಗೆ.

ಮುಳಿಯ ಮಾಡು, ಹಂಚಿನ ಮಾಡು

ಹತ್ತೊಂಬತ್ತನೆಯ ಶತಮಾನದಲ್ಲಿ ಈ ಋತುಜೀವನಕ್ಕೆ ದೊಡ್ಡದೊಂದು ಬದಲಾವಣೆ ಬಂದದ್ದು ನಮ್ಮ ಪ್ರೊಟೆಸ್ಟಂಟ್ ಸೋದರರ ಕಡೆಯಿಂದ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ನಿನವರ ಬೋಧೆಯನ್ನು ಸ್ವೀಕರಿಸಿದವರು ಅನೇಕ ವೇಳೆ ತಮ್ಮ ಕುಟುಂಬದಿಂದ ಹೊರಗಾಗುತ್ತಿದ್ದರು. ಅದರೊಂದಿಗೆ ಬೇಸಾಯದ ಆಸರೆಯೂ ತಪ್ಪುತ್ತಿತ್ತು. ಅವರ ಜೀವನೋಪಾಯಕ್ಕಾಗಿ ನೇಯ್ಗೆ, ಮುದ್ರಣ ಮೊದಲಾದ ಕಸುಬುಗಳು ಆರಂಭವಾದವು. 1865ರಲ್ಲಿ ಜಾರ್ಜ್ ಪ್ಲೆಬ್ಸ್ಟ್ ಎಂಬ ಮಿಷನರಿ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆಯನ್ನು ತೆರೆದರು.

ಅದುವರೆಗೆ ಬಡವರ ಮನೆಗಳ ಮಾಡು ಮುಳಿಹುಲ್ಲಿನದು ಅಥವಾ ತೆಂಗಿನ ಮಡಲಿನದು. ವರ್ಷವರ್ಷವೂ ಮಳೆಗೆ ಮುನ್ನ ಅದನ್ನು ಹೊದಿಸಬೇಕು. ಹೊದಿಸಲಾಗದಿದ್ದರೆ ಆ ವರ್ಷವೆಲ್ಲ ಸೋರುವ ಮನೆ; ಬೇಸಗೆಯಲ್ಲಿ ಒಂದು ಕಿಡಿ ಬಿದ್ದರೆ ಮನೆಯೇ ಇಲ್ಲ. ಒಂದರೊಳಗೊಂದು ಕಚ್ಚಿಕೊಳ್ಳುವ ಹಂಚು ಈ ಎರಡು ಭಯಗಳನ್ನೂ ಬಹಳಷ್ಟು ಕಳೆಯಿತು. ಮಂಗಳೂರು ಹಂಚಿನ ಹೆಸರು ಕಡಲಾಚೆಗೂ ಹೋಯಿತು. ಕಾರ್ಖಾನೆಯಲ್ಲಿ ದುಡಿಯತೊಡಗಿದ ಕುಟುಂಬಕ್ಕೆ ಮಳೆಯಲ್ಲೂ ಕೂಲಿ ಇತ್ತು, ಆಟಿಯ ಹಸಿವು ಸಡಿಲವಾಯಿತು. ಆದರೆ ಮಳೆ ನಕ್ಷತ್ರಗಳ ಜಾಗಕ್ಕೆ ಗಡಿಯಾರ ಬಂದಿತು. ಬಿತ್ತನೆ ಕೊಯ್ಲುಗಳಿಗೆ ತಕ್ಕಂತೆ ಏರಿಳಿಯುತ್ತಿದ್ದ ಮನೆಯ ದಿನಚರಿ ವರ್ಷವಿಡೀ ಒಂದೇ ಸಮನಾಯಿತು. ನಾವಿಂದು ಬಾಳುತ್ತಿರುವ ಬದುಕು ಆರಂಭವಾದದ್ದು ಹೀಗೆ. ಆ ಕುಟುಂಬಗಳೂ ಮಣ್ಣನ್ನು ಮರೆಯಲಿಲ್ಲ. ಪ್ರಥಮ ಫಲಗಳನ್ನು ದೇವಾಲಯಕ್ಕೆ ತಂದೊಪ್ಪಿಸುವ ಕೊಯ್ಲಿನ ಹಬ್ಬ ಆ ಸಭೆಗಳಲ್ಲಿ ಇಂದಿಗೂ ನಡೆಯುತ್ತದೆ.

ತೆನೆ ಎಲ್ಲಿಂದ ಬಂತು?

ಇಂದು ನಮ್ಮ ಮನೆಗಳ ಮಾಡು ಕಾಂಕ್ರೀಟಿನದು. ಮಳೆ ಬಂದದ್ದು ಕಿಟಕಿ ಮುಚ್ಚುವಾಗಲಷ್ಟೇ ತಿಳಿಯುತ್ತದೆ. ಗದ್ದೆಗಳು ತೋಟಗಳಾಗಿವೆ, ನಿವೇಶನಗಳಾಗಿವೆ. ಮೊಂತಿ ಹಬ್ಬಕ್ಕೆ ಬೇಕಾದ ತೆನೆಯನ್ನು ಎಷ್ಟೋ ಧರ್ಮಕೇಂದ್ರಗಳು ಬೇರೆ ಊರುಗಳಿಂದ ತರಿಸಿಕೊಳ್ಳುತ್ತವೆ. ಹಾಗೆ ತಂದ ತೆನೆಯ ಕಾಳು ಲಕೋಟೆಯೊಳಗೆ ಕೊಲ್ಲಿ ದೇಶಗಳಲ್ಲಿರುವ ಮಕ್ಕಳಿಗೂ ಹೋಗುತ್ತದೆ. ಇದನ್ನು ಕಂಡು ನಗಬೇಕಾಗಿಲ್ಲ. ಗದ್ದೆ ಇಲ್ಲದ ಮನೆಯೂ ಅನ್ನವಿಲ್ಲದೆ ಬಾಳದು. ಗದ್ದೆ ಕಳೆದುಕೊಂಡವರೂ ತೆನೆಯನ್ನು ಬಿಟ್ಟುಕೊಡದಿರುವುದು, ಶ್ರೀರಂಗಪಟ್ಟಣದಿಂದ ಬರಿಗೈಯಲ್ಲಿ ಮರಳಿದವರ ನಿಷ್ಠೆಯದೇ ಮುಂದುವರಿಕೆ.

ಆದರೆ ಅಪಾಯವೂ ಇದೆ. ತೆನೆ ಎಲ್ಲಿಂದ ಬಂತು, ಅದನ್ನು ಬೆಳೆದವರು ಯಾರು, ಅವರ ಮನೆಯ ಮಾಡು ಈ ಮಳೆಗಾಲದಲ್ಲಿ ಸೋರಿತೇ ಎಂದು ಕೇಳದ ಮನೆಯಲ್ಲಿ ತೆನೆ ಬರಿಯ ಅಲಂಕಾರವಾಗುತ್ತದೆ. 2015ರಲ್ಲಿ ಪೋಪ್ ಫ್ರಾನ್ಸಿಸರು ‘ಲೌದಾತೊ ಸಿ’ ಎಂಬ ವಿಶ್ವಪರಿಪತ್ರವನ್ನು ಪ್ರಕಟಿಸಿ, ಅದೇ ವರ್ಷ ಸೆಪ್ಟೆಂಬರ್ 1ನ್ನು ಸೃಷ್ಟಿಯ ಪಾಲನೆಗಾಗಿ ಪ್ರಾರ್ಥಿಸುವ ದಿನವೆಂದು ಸಾರಿದರು. ಅಂದಿನಿಂದ ಅಕ್ಟೋಬರ್ 4ರ ಸಂತ ಫ್ರಾನ್ಸಿಸರ ಹಬ್ಬದವರೆಗಿನ ದಿನಗಳನ್ನು ಕ್ರೈಸ್ತರು ಸೃಷ್ಟಿಯ ಕಾಲವೆಂದು ಆಚರಿಸುತ್ತಾರೆ. ನಮ್ಮ ತೆನೆಹಬ್ಬ ಬರುವುದು ಈ ದಿನಗಳ ನಡುವೆಯೇ. ಜಗತ್ತಿನ ಧರ್ಮಸಭೆ ಈಗ ಕಲಿಯುತ್ತಿರುವ ಪಾಠವನ್ನು ಮಳೆಯ ನಾಡಿನ ಮನೆಗಳು ಎರಡೂವರೆ ಶತಮಾನಗಳಿಂದ ಬಲ್ಲವು.

ಮುಳಿಯ ಮಾಡಿಗೆ ಮರಳಬೇಕೆಂದು ಯಾರೂ ಹೇಳುವುದಿಲ್ಲ. ಆ ಮಾಡಿನಡಿ ಸೋರಿದ ಕಣ್ಣೀರನ್ನು ಬಲ್ಲವರು ಹಾಗೆ ಹೇಳಲಾರರು. ಆದರೆ ಬರುವ ಸೆಪ್ಟೆಂಬರಿನಲ್ಲಿ ಹಾಲಿನ ಬಟ್ಟಲಿಗೆ ಹೊಸ ಕಾಳನ್ನು ಹಾಕುವ ಮುನ್ನ ಮನೆಯ ಹಿರಿಯರು ಮಕ್ಕಳಿಗೆ ಒಂದು ಮಾತು ಹೇಳಬಹುದು: ಈ ಕಾಳು ಯಾವ ಊರಿನ ಗದ್ದೆಯದು, ಅದನ್ನು ನೆಟ್ಟ ಕೈ ಯಾರದು, ಮತ್ತು ನಮ್ಮ ಮನೆಯಿಂದ ಈ ವರ್ಷ ಹರಿವಾಣ ಯಾರ ಮನೆಗೆ ಹೋಗಬೇಕು ಎಂದು. ಧರ್ಮಸಭೆಯ ಚರಿತ್ರೆಯ ಬರೆಯದ ಪುಟ ತೆರೆದುಕೊಳ್ಳುವುದು ಅಂಥ ಊಟದ ಎಲೆಯ ಮುಂದೆ.