ಪಂಕ್ತಿ: ಕೂತವರ ಪದ

ಬನದ ಹುಣ್ಣಿಮೆಯ ರಾತ್ರಿ ಚಂದ್ರಮಂಡಲ ಹೊತ್ತಿಕೊಂಡರೆ ಕೊಳ್ಳೇಗಾಲ ಸೀಮೆಯ ಚಿಕ್ಕಲ್ಲೂರಿನಲ್ಲಿ ಸಿದ್ಧಪ್ಪಾಜಿಯ ಐದು ದಿನಗಳ ಜಾತ್ರೆ ಶುರು. ಬಿದಿರು, ಬಟ್ಟೆಯಲ್ಲಿ ಕಟ್ಟಿದ ಆ ಮಂಡಲ ಯಾವ ದಿಕ್ಕಿಗೆ ಹೆಚ್ಚು ಉರಿಯಿತೋ ಆ ದಿಕ್ಕಿನ ಊರುಗಳಿಗೆ ಮಳೆ ಬೆಳೆ ಚೆನ್ನ ಎಂಬುದು ಒಕ್ಕಲಿನ ನಂಬಿಕೆ. ಮುಂದಿನ ಒಂದೊಂದು ದಿನಕ್ಕೂ ಒಂದೊಂದು ಹೆಸರು: ದೊಡ್ಡವರ ಸೇವೆ, ಮುಡಿ ಸೇವೆ, ಪಂಕ್ತಿ ಸೇವೆ, ಮುತ್ತತ್ತಿರಾಯನ ಸೇವೆ. ಜಾತ್ರೆಯ ನಾಲ್ಕನೆಯ ದಿನವಾದ ಪಂಕ್ತಿ ಸೇವೆ ಪೂರ್ತಿ ಊಟಕ್ಕೇ ಮೀಸಲು. ಆದರೆ ಅದರ ಹೆಸರಿನಲ್ಲಿ ಅನ್ನವಿಲ್ಲ, ಅಡುಗೆಯಿಲ್ಲ. ಇರುವುದು ಕೂರುವ ಸಾಲು ಮಾತ್ರ.

ಅಂದು ಬಯಲಿನ ತುಂಬ ಬಿಡಾರಗಳು. ಮೂರು ಕಲ್ಲಿನ ಒಲೆಯ ಮೇಲೆ ಪಾತ್ರೆ, ಪಾತ್ರೆಯಲ್ಲಿ ಕುದಿಯುವ ಬಾಡಿನ ಸಾರು, ಪಕ್ಕದಲ್ಲಿ ಬಿಸಿ ಮುದ್ದೆ. ಮೊದಲು ಸಿದ್ಧಪ್ಪಾಜಿಗೆ ಎಡೆ. ಆಮೇಲೆ ನೆಂಟರು, ಪಕ್ಕದ ಬಿಡಾರದವರು, ದಾರಿಯಲ್ಲಿ ಹೋಗುತ್ತಿದ್ದ ಗುರುತಿಲ್ಲದವರು ಒಂದೇ ಸಾಲಿಗೆ. ‘ಬನ್ನಿ ಅಣ್ಣ, ಕೂತ್ಕಳಿ’ ಎಂದವರು ಹೆಸರು ಕೇಳುವುದಕ್ಕೆ ಮುಂಚೆ ಎಲೆ ಹಾಸಿರುತ್ತಾರೆ.

ಸಂಸ್ಕೃತದಲ್ಲಿ ಪಂಕ್ತಿಯ ಹುಟ್ಟು ‘ಐದು’ ಎಂಬ ಎಣಿಕೆಯಲ್ಲಿದೆ. ಎಂಟೆಂಟು ಅಕ್ಷರಗಳ ಐದು ಪಾದ ಸೇರಿದರೆ ಪಂಕ್ತಿ ಎಂಬ ವೇದದ ಛಂದಸ್ಸು. ಐದರ ಗುಂಪು ಕ್ರಮೇಣ ಸಾಲಾಯಿತು, ಪದ್ಯದ ಸಾಲೂ ಪಂಕ್ತಿಯಾಯಿತು. ಕನ್ನಡದ ಬಾಯಲ್ಲಿ ಅದು ‘ಪಂತಿ’ಯಾಗಿ, ‘ಪಾಲು’ ‘ಹಾಲು’ ಆದ ಹಾಗೆ ‘ಹಂತಿ’ಯೂ ಆಯಿತು. ಉತ್ತರ ಕರ್ನಾಟಕದ ಕಣದಲ್ಲಿ ತೆನೆ ತುಳಿಯಲು ಸಾಲಾಗಿ ಕಟ್ಟಿದ ಎತ್ತುಗಳು ಹಂತಿ. ಆಗ ಹಾಡುವುದು ಹಂತಿಯ ಪದ.

ಊಟಕ್ಕೆ ಬಂದಾಗ ಈ ಪದಕ್ಕೆ ನೋವಿನ ಚರಿತ್ರೆ ಅಂಟಿಕೊಂಡಿದೆ. ಸಾಲನ್ನು ಪಾವನಗೊಳಿಸುವವರು ಯಾರು, ಕೆಡಿಸುವವರು ಯಾರು ಎಂದು ಮನುಸ್ಮೃತಿಯ ಮೂರನೆಯ ಅಧ್ಯಾಯ ಪಟ್ಟಿ ಹಾಕುತ್ತದೆ. ಅದೇ ಜಾಡಿನಲ್ಲಿ ‘ಪಂಕ್ತಿಭೇದ’ ಬೆಳೆಯಿತು: ಒಂದೇ ಛಾವಣಿಯ ಕೆಳಗೆ ಜಾತಿಗೊಂದು ಸಾಲು. ಅದಕ್ಕೆ ಎದುರಾಗಿ ‘ಸಹಪಂಕ್ತಿ ಭೋಜನ’ ಎಂಬ ಮಾತು ಬಂತು. 1917ರಲ್ಲಿ ಕೇರಳದ ಚೆರಾಯಿಯಲ್ಲಿ ಸಮಾಜ ಸುಧಾರಕ ಸಹೋದರನ್ ಅಯ್ಯಪ್ಪನ್ ‘ಮಿಶ್ರಭೋಜನ’ ನಡೆಸಿದಾಗ, ದಲಿತರೊಂದಿಗೆ ಕೂತು ಉಂಡದ್ದಕ್ಕೆ ಬಹಿಷ್ಕಾರವನ್ನೇ ಎದುರಿಸಬೇಕಾಯಿತು.

ಒಟ್ಟಿಗೆ ಕೂತು ಉಣ್ಣುವುದಕ್ಕೆ ಎಲ್ಲ ಕಡೆಯೂ ಸಾಲಿನ ಹೆಸರೇ ಇರಬೇಕೆಂದಿಲ್ಲ. ಹಂಚಿ ತಿನ್ನುವ ಇಂಥ ಒಂದು ಊಟಕ್ಕೆ ಜಪಾನಿನವರು ಇಟ್ಟ ಹೆಸರು ‘ನಾಬೆ’. ಅದರ ಅರ್ಥ ಪಾತ್ರೆ. ಅದರಲ್ಲಿ ಬೇಯುವ ಅಡುಗೆಗೂ ಅದೇ ಹೆಸರು. ಮೇಜಿನ ನಡುವೆ ಒಲೆ, ಒಲೆಯ ಮೇಲೆ ಕುದಿಯುವ ತಿಳಿಸಾರು, ಸುತ್ತ ಕೂತವರು. ತೆಳ್ಳಗೆ ಕೊಯ್ದ ಮಾಂಸದ ಹಾಳೆಯನ್ನು ಕಡ್ಡಿಯಲ್ಲಿ ಹಿಡಿದು ಸಾರಿನಲ್ಲಿ ಎರಡು ಸಲ ಆಡಿಸಿದರೆ ತಿನ್ನಲು ಸಿದ್ಧ. ಹಾಗೆ ಆಡಿಸುವ ಸದ್ದೇ ‘ಶಾಬು ಶಾಬು’. 1952ರಲ್ಲಿ ಒಸಾಕಾದ ಸುಎಹಿರೋ ಹೋಟೆಲು ಈ ಊಟಕ್ಕೆ ಆ ಹೆಸರಿಟ್ಟಿತು. ಕನ್ನಡನಾಡಿನಿಂದ ಹೋದವರಿಗೆ ಅಲ್ಲಿ ಮೊದಲ ಸಲ ಕೈ ತಡವರಿಸುವುದು ಸಹಜ. ಯಾವುದು ಮೊದಲು ಹಾಕಬೇಕು, ಯಾವಾಗ ತೆಗೆಯಬೇಕು ಎಂದು ಮೇಜಿನ ಹಿರಿಯರೊಬ್ಬರು ಹೇಳುತ್ತಾರೆ. ಅಂಥವರಿಗೆ ‘ನಾಬೆ ಬುಗ್ಯೊ’, ಅಂದರೆ ಪಾತ್ರೆಯ ಅಮಲ್ದಾರ ಎಂಬ ಹೆಸರೂ ಉಂಟು. ಕೊನೆಗೆ ಉಳಿದ ಸಾರಿಗೆ ಅನ್ನವನ್ನೋ ಶ್ಯಾವಿಗೆಯಂಥ ಉದೊನನ್ನೋ ಹಾಕಿ ಮುಗಿಸುತ್ತಾರೆ. ಕಷ್ಟಸುಖ ಹಂಚಿಕೊಂಡವರನ್ನು ಜಪಾನಿನವರು ‘ಒಂದೇ ಹಂಡೆಯ ಅನ್ನ ಉಂಡವರು’ ಎನ್ನುತ್ತಾರೆ.

ಅಲ್ಲಿ ಊಟದ ಹೆಸರು ಪಾತ್ರೆಯದು. ಚಿಕ್ಕಲ್ಲೂರಿನಿಂದ ಕಾಡುದಾರಿ ಹಿಡಿದು ಮಾದಪ್ಪನ ಬೆಟ್ಟಕ್ಕೆ ಹೋದರೆ ಸಿಗುವುದು ದಾಸೋಹ: ‘ನಾನು ದಾಸ’ ಎಂಬ ಆ ಮಾತು ಬಡಿಸುವವರದು. ಪಂಕ್ತಿ ಕೂತವರದು. ಯಾರ ಪಕ್ಕ ಯಾರು ಕೂರಬಹುದು ಎಂಬ ಪ್ರಶ್ನೆಯನ್ನು ಈ ಮೂರರಲ್ಲಿ ನೇರವಾಗಿ ಎತ್ತಿಕೊಳ್ಳುವುದು ಅದೊಂದೇ.

ಮಂಟೇಸ್ವಾಮಿ ಪರಂಪರೆಯ ನೀಲಗಾರರು ತಂಬೂರಿ ಮೀಟಿ ಹಾಡುವ ಕತೆಯಲ್ಲಿ ಸಿದ್ಧಪ್ಪಾಜಿ ಮೊದಲು ಪಾಂಚಾಳರ ಮನೆಯ ಹುಡುಗ ಕೆಂಪಾಚಾರಿ. ಧರೆಗೆ ದೊಡ್ಡವರ, ಅಂದರೆ ಮಂಟೇಸ್ವಾಮಿಯ, ಶಿಶುಮಗನಾಗಿ ಹೊರಟು ಹಲಗೂರಿನಲ್ಲಿ ಕಬ್ಬಿಣದ ಭಿಕ್ಷೆ ಬೇಡಿದವನು. ಹುಟ್ಟಿದ ಮನೆ ಬಿಟ್ಟು ಬಂದವನ ಗದ್ದುಗೆಯ ಮುಂದೆ ಹುಟ್ಟನ್ನು ಕೇಳದ ಸಾಲು ಕೂರುತ್ತದೆ.

ಈಚಿನ ವರ್ಷಗಳಲ್ಲಿ ಇದೇ ಪದ ತಕರಾರಿನ ನಡುವೆ ನಿಂತಿದೆ. 1959ರ ಕರ್ನಾಟಕ ಪ್ರಾಣಿಬಲಿ ಪ್ರತಿಬಂಧಕ ಕಾಯ್ದೆಯನ್ನು ಮುಂದಿಟ್ಟು ಆಡಳಿತ ಜಾತ್ರೆಯ ದಾರಿಗಳಲ್ಲಿ ತಪಾಸಣೆ ನಡೆಸಿ ಕುರಿ, ಕೋಳಿ ತರುವುದನ್ನು ತಡೆದಿದೆ. ಒಕ್ಕಲಿನವರು ಕೊಡುವ ಉತ್ತರ: ಇದು ಬಲಿಯಲ್ಲ, ಪಂಕ್ತಿ ಸೇವೆ, ದೇವರಿಗೆ ರಕ್ತ ಒಪ್ಪಿಸುವುದಲ್ಲ, ಜನ ಕೂತು ಉಣ್ಣುವುದು. ಕಾಯ್ದೆ ಓದುವವರು ಈ ಮಾತಿನ ಅರ್ಥವನ್ನೂ ಕಿವಿಗೊಟ್ಟು ಕೇಳಬೇಕು. ಭೇದದ ಜೊತೆ ಅಷ್ಟು ಕಾಲ ಬಾಳಿದ ಪದವನ್ನು ಸೇವೆಯ ಜೊತೆ ಸೇರಿಸಿ ಉಳಿಸಿಕೊಂಡವರು ಈ ಒಕ್ಕಲಿನ ಜನ.